ಎರಡನೇ ಪೆಟ್ಟು: ತಲೆಗೆ ಗಾಯವಾದ ಮೇಲೆ ಮಿದುಳಿನೊಳಗೆ ಏನು ನಡೆಯುತ್ತದೆ?

ಗದಗಿನಿಂದಲೋ ಹಾವೇರಿಯಿಂದಲೋ ತಲೆಗೆ ಪೆಟ್ಟಾದವರನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ತಂದಾಗ ವೈದ್ಯರು ಜೊತೆಗೆ ಬಂದವರನ್ನು ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಎಷ್ಟು ಗಂಟೆಗೆ ಬಿದ್ದರು? ದಾರಿಯಲ್ಲಿ ವಾಂತಿ ಆಯ್ತಾ? ಫಿಟ್ಸ್ ಬಂತಾ? ಆಂಬುಲೆನ್ಸ್‌ನಲ್ಲಿ ಬಿಪಿ ಎಷ್ಟಿತ್ತು, ಆಕ್ಸಿಜನ್ ಎಷ್ಟಿತ್ತು? ಒಡೆದಿರುವುದು ತಲೆ, ಇವರು ಬಿಪಿ ಯಾಕೆ ಕೇಳ್ತಾರೆ ಅಂತ ಮನೆಯವರಿಗೆ ಸಿಟ್ಟು ಬರುತ್ತದೆ. ಆದರೆ ಆ ಗಾಯಾಳು ಬದುಕುವುದು, ಬದುಕಿದರೆ ಮತ್ತೆ ಮಾತಾಡುವುದು, ಹೊಲಕ್ಕೆ ಹೋಗುವುದು, ಎಲ್ಲವೂ ಬಹಳ ಮಟ್ಟಿಗೆ ಆ ಅಂಕಿಗಳ ಮೇಲೆ ನಿಂತಿದೆ. ಅದಕ್ಕೆ ಕಾರಣವೇ ವೈದ್ಯರು ‘ಸೆಕೆಂಡರಿ ಬ್ರೇನ್ ಇಂಜುರಿ’ ಎಂದು ಕರೆಯುವ ಸಂಗತಿ. ಇಲ್ಲಿ ಅದನ್ನು ಎರಡನೇ ಪೆಟ್ಟು ಎನ್ನೋಣ.

ಮೊದಲನೇ ಪೆಟ್ಟು ಬಿದ್ದ ಕ್ಷಣದ್ದು. ಬೈಕು ಜಾರಿ ತಲೆ ಡಾಂಬರಿಗೆ ಬಡಿಯಿತು, ಮಾಳಿಗೆಯಿಂದ ಕಾಲು ಜಾರಿತು, ಟ್ರ್ಯಾಕ್ಟರ್ ಟ್ರೈಲರ್ ಪಲ್ಟಿಯಾಯಿತು. ಆಗ ಮಿದುಳಿನ ನರತಂತು ಹರಿಯಬಹುದು, ರಕ್ತನಾಳ ಒಡೆಯಬಹುದು. ಅಷ್ಟು ಆಗಿಹೋಯಿತು. ಅದನ್ನು ಯಾವ ಸರ್ಜನ್ನೂ ವಾಪಸ್ ತಿರುಗಿಸಲಾರರು. ಎರಡನೇ ಪೆಟ್ಟು ಆಮೇಲಿನ ಗಂಟೆಗಳಲ್ಲಿ, ದಿನಗಳಲ್ಲಿ ಬೀಳುತ್ತದೆ. ಗಾಯಗೊಂಡ ಮಿದುಳಿಗೆ ರಕ್ತ ಸಾಲದೆ, ಆಕ್ಸಿಜನ್ ಸಾಲದೆ, ಬಾವು ಏರಿ, ಉಳಿಯಬಹುದಾಗಿದ್ದ ಜೀವಕೋಶಗಳೂ ಸಾಯುತ್ತಾ ಹೋಗುತ್ತವೆ. ಇದನ್ನು ತಡೆಯಬಹುದು, ಎಲ್ಲವನ್ನೂ ಅಲ್ಲದಿದ್ದರೂ ದೊಡ್ಡ ಪಾಲನ್ನು. ತಲೆ ಗಾಯದ ಚಿಕಿತ್ಸೆ ಅಂದರೆ ಮುಖ್ಯವಾಗಿ ಇದನ್ನು ತಡೆಯುವ ಕೆಲಸವೇ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2. ಆದರೆ ನಾವು ಬಳಸುವ ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಜಾಗ ಅದಕ್ಕಿಲ್ಲ. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಹಾನಿ ಶುರು.

ಇನ್ನೊಂದು ತೊಂದರೆ ತಲೆಬುರುಡೆಯದು. ಕಾಲು ಉಳುಕಿದರೆ ಚರ್ಮ ಹಿಗ್ಗಿ ಬಾವಿಗೆ ಜಾಗ ಕೊಡುತ್ತದೆ. ಬುರುಡೆ ಹಿಗ್ಗುವುದಿಲ್ಲ. ಒಳಗೆ ಮಿದುಳು, ರಕ್ತ, ಮಿದುಳು ದ್ರವ ಮೂರೂ ಅಳತೆಯಾಗಿ ತುಂಬಿಕೊಂಡಿವೆ. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಜಾರ್ಜ್ ಕೆಲ್ಲಿ 1824ರಲ್ಲಿ ಹೇಳಿದ ಮಾತಿದು, ಇವತ್ತಿಗೂ ಅವರ ಹೆಸರಿನಲ್ಲೇ ಪಾಠ ನಡೆಯುತ್ತದೆ. ರಕ್ತ ಹೆಪ್ಪುಗಟ್ಟಿದಾಗ ಮೊದಮೊದಲು ಮಿದುಳು ದ್ರವ ಕೆಳಕ್ಕೆ ಸರಿದು ಜಾಗ ಮಾಡಿಕೊಡುತ್ತದೆ. ಗಾಯಾಳು ಮಾತಾಡುತ್ತಲೇ ಇರುತ್ತಾನೆ. ‘ಮಾತಾಡಾಕತ್ತಾನ್ರೀ, ಏನೂ ಆಗಿಲ್ಲ’ ಅಂತ ಜನ ನೆಮ್ಮದಿಯಾಗುವುದು ಈ ಹೊತ್ತಿನಲ್ಲೇ. ಸರಿಯುವ ಜಾಗ ಮುಗಿಯಿತು ಅಂದರೆ ಒತ್ತಡ ಒಮ್ಮೆಲೇ ಏರುತ್ತದೆ.

ಬಿಪಿ ಇಲ್ಲೇ ಬರುತ್ತದೆ. ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರ್ ನೆನೆಸಿಕೊಳ್ಳಿ. ಟ್ಯಾಂಕು ಎತ್ತರಕ್ಕೆ ಹೋದಷ್ಟೂ ಮೋಟರಿಗೆ ಜಾಸ್ತಿ ಬಲ ಬೇಕು. ಬುರುಡೆಯೊಳಗಿನ ಒತ್ತಡ ಏರಿದಷ್ಟೂ ಹೃದಯಕ್ಕೂ ಹಾಗೆಯೇ. ಲೆಕ್ಕ ಸರಳ: ಸರಾಸರಿ ರಕ್ತದೊತ್ತಡದಿಂದ ಬುರುಡೆಯೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದೇ ಮಿದುಳಿಗೆ ರಕ್ತ ತಳ್ಳುವ ಬಲ. ಅದು 60ರಿಂದ 70 ಮಿ.ಮೀ. ಇರಲಿ ಎಂದು ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ಒಳಗಿನ ಒತ್ತಡ 22 ದಾಟಿದರೆ ಇಳಿಸಬೇಕು ಎಂದೂ ಹೇಳುತ್ತದೆ. ದೇಹಕ್ಕೂ ಈ ಲೆಕ್ಕ ಗೊತ್ತಿದೆ. ಒಳಗೆ ಒತ್ತಡ ಏರಿದಾಗ ಅದು ತಾನಾಗಿಯೇ ಬಿಪಿ ಏರಿಸುತ್ತದೆ, ನಾಡಿ ನಿಧಾನವಾಗುತ್ತದೆ. ‘ಬಿಪಿ 180 ಐತಿ, ಮಾತ್ರೆ ಕೊಡ್ರಿ’ ಎಂದು ಮನೆಯವರು ಗಾಬರಿಯಾದಾಗ ವೈದ್ಯರು ಅವಸರ ಮಾಡದಿರುವುದು ಇದಕ್ಕೇ. ಆ ಬಿಪಿಯೇ ಮಿದುಳನ್ನು ಸದ್ಯಕ್ಕೆ ಉಳಿಸಿರಬಹುದು.

ಕಡಿಮೆ ಬಿಪಿ ಎಷ್ಟು ಕೆಟ್ಟದ್ದು ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1993ರ ಒಂದು ಅಧ್ಯಯನ. ಅಮೆರಿಕದ ರಾಂಡಾಲ್ ಚೆಸ್ನಟ್ ಮತ್ತು ಜೊತೆಗಾರರು ಗಂಭೀರ ತಲೆ ಗಾಯದ 717 ಜನರ ದಾಖಲೆ ನೋಡಿದರು. ಮೇಲಿನ ಬಿಪಿ ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದವರಲ್ಲೂ ಸಾವಿನ ಪ್ರಮಾಣ ಸುಮಾರು ಎರಡು ಪಟ್ಟಾಗಿತ್ತು. ಬಿಪಿಯ ಜೊತೆ ಆಕ್ಸಿಜನ್ನೂ ಕುಸಿದವರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಆಮೇಲೆ 90 ಸಾಲದು ಎಂಬ ಅಭಿಪ್ರಾಯ ಬಲವಾಯಿತು. 2016ರ ಅದೇ ಮಾರ್ಗಸೂಚಿಯಲ್ಲಿ 15ರಿಂದ 49 ವಯಸ್ಸಿನವರಿಗೆ ಮತ್ತು 70 ದಾಟಿದವರಿಗೆ ಕನಿಷ್ಠ 110, ನಡುವಿನವರಿಗೆ ಕನಿಷ್ಠ 100.

ಈಗ ಅರಿವಳಿಕೆ ತಜ್ಞರ ವಿಷಯಕ್ಕೆ ಬರೋಣ. ನಮ್ಮ ಕಡೆ ಅವರನ್ನು ‘ಮಂಪರು ಕೊಡೋ ಡಾಕ್ಟರು’ ಎಂದಷ್ಟೇ ತಿಳಿದಿರುತ್ತಾರೆ. ತಲೆ ಗಾಯದಲ್ಲಿ ಎರಡನೇ ಪೆಟ್ಟನ್ನು ತಡೆಯುವ ಕೆಲಸ ಬಹುಪಾಲು ಇವರ ಕೈಯಲ್ಲೇ ಇದೆ, ಇದಕ್ಕೆ ಅವರಿಗೆ ಸಿಗುವ ಮನ್ನಣೆ ತೀರಾ ಕಡಿಮೆ ಎಂಬುದು ನನ್ನ ಅನಿಸಿಕೆ. ಪ್ರಜ್ಞೆ ಎಷ್ಟಿದೆ ಎಂದು ನೋಡುವ ಗ್ಲಾಸ್ಗೋ ಸ್ಕೋರ್ ಎಂಬ ಅಳತೆ ನೀವು ಕೇಳಿರಬಹುದು. ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಕೊಟ್ಟದ್ದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಲಿಗೆ ಹಿಂದೆ ಬಿದ್ದು, ವಾಂತಿ ಶ್ವಾಸಕ್ಕೆ ಇಳಿದು ಉಸಿರೇ ಕಟ್ಟಬಹುದು. ಹಾಗಾಗಿ ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರಿಗೆ ಜೋಡಿಸುತ್ತಾರೆ. ‘ವೆಂಟಿಲೇಟರ್ ಹಾಕಿದ್ರೆ ಮುಗೀತು’ ಎಂಬ ಮಾತು ಸರಿಯಲ್ಲ. ಇಲ್ಲಿ ಅದನ್ನು ಹಾಕುವುದು ಮಿದುಳಿಗೆ ಆಕ್ಸಿಜನ್ ತಪ್ಪದಿರಲಿ ಎಂದು.

ನಳಿಕೆ ಹಾಕುವ ಹೊತ್ತೇ ಅಪಾಯದ ಹೊತ್ತೂ ಹೌದು. ಪ್ರೊಪೊಫಾಲ್‌ನಂಥ ಮಂಪರಿನ ಔಷಧಿ ಬಿಪಿ ಇಳಿಸುತ್ತದೆ. ಕೆಟಮಿನ್ ಎಂಬ ಇನ್ನೊಂದು ಮಂಪರಿನ ಔಷಧಿ ಬಿಪಿಯನ್ನು ಅಷ್ಟಾಗಿ ಇಳಿಸುವುದಿಲ್ಲ. ಆದರೆ ಬುರುಡೆಯೊಳಗಿನ ಒತ್ತಡ ಏರಿಸುತ್ತದೆ ಎಂಬ ಭಯದಿಂದ ಅದನ್ನು ದಶಕಗಳ ಕಾಲ ದೂರ ಇಟ್ಟಿದ್ದರು. ವೆಂಟಿಲೇಟರ್ ಮೇಲಿರುವವರಲ್ಲಿ ಆ ಭಯಕ್ಕೆ ಗಟ್ಟಿ ಆಧಾರ ಇಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಆಪರೇಷನ್‌ನಲ್ಲಿ ಹೆಪ್ಪುಗಟ್ಟಿದ ರಕ್ತ ತೆಗೆಯುವ ಗಳಿಗೆಯೂ ಹೀಗೆಯೇ. ಒಳಗಿನ ಒತ್ತಡ ಒಮ್ಮೆಲೇ ಇಳಿದಾಗ, ಅಲ್ಲಿಯವರೆಗೆ ದೇಹ ತಾನಾಗಿ ಏರಿಸಿಕೊಂಡಿದ್ದ ಬಿಪಿಯೂ ಧಡಕ್ಕನೆ ಕುಸಿಯಬಹುದು. ಸರ್ಜನ್‌ನ ಕೆಲಸ ಚೆನ್ನಾಗಿ ನಡೆದಿರುವಾಗಲೇ ಎರಡನೇ ಪೆಟ್ಟು ಬೀಳುವ ಸಾಧ್ಯತೆ ಅದು. ಅರಿವಳಿಕೆ ತಜ್ಞರು ರಕ್ತ, ಸಲೈನ್, ಬಿಪಿ ಏರಿಸುವ ಔಷಧಿ ಎಲ್ಲ ಸಿದ್ಧ ಇಟ್ಟುಕೊಂಡು ಆ ಗಳಿಗೆಗೆ ಕಾಯುತ್ತಾರೆ.

ತಲೆಯ ಜೊತೆ ತೊಡೆ ಮೂಳೆಯೂ ಮುರಿದಿದ್ದರೆ ಮನೆಯವರದು ಒಂದೇ ಪ್ರಶ್ನೆ: ‘ಕಾಲು ಮುರದು ಮೂರು ದಿನ ಆತು, ಆಪರೇಷನ್ ಯಾಕ ಮಾಡವಲ್ರು?’ ಕಾಲಿನ ದೊಡ್ಡ ಆಪರೇಷನ್ ಅಂದರೆ ರಕ್ತ ಹೋಗುತ್ತದೆ, ಅರಿವಳಿಕೆ ಬೇಕು, ಬಿಪಿ ಏರಿಳಿಯುತ್ತದೆ. ಬಾವು ಬಂದ ಮಿದುಳಿಗೆ ಅದೇ ಎರಡನೇ ಪೆಟ್ಟಾಗಬಹುದು. ಅದಕ್ಕೇ ಮೂಳೆಯನ್ನು ಸದ್ಯಕ್ಕೆ ಹೊರಗಿನ ರಾಡಿನಿಂದ ಹಿಡಿದಿಟ್ಟು, ಮಿದುಳು ಸುಧಾರಿಸಲಿ ಎಂದು ಕಾಯುವುದುಂಟು. ಅದು ನಿರ್ಲಕ್ಷ್ಯ ಅಲ್ಲ.

ಉಸಿರಾಟದಲ್ಲೂ ಒಂದು ಸೂಕ್ಷ್ಮ ಇದೆ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗನ್ನು ಗಾಬರಿಯಲ್ಲಿ ಪಟಪಟ ಒತ್ತಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳ ಕುಗ್ಗುತ್ತವೆ. ಒತ್ತಡ ತಗ್ಗುತ್ತದೆ, ನಿಜ, ಆದರೆ ರಕ್ತವೂ ಕಡಿಮೆಯಾಗುತ್ತದೆ. ಹಿಂದೆ ಇದನ್ನೇ ಚಿಕಿತ್ಸೆ ಎಂದು ಎಲ್ಲರಿಗೂ ಮಾಡುತ್ತಿದ್ದರು. 1991ರ ಒಂದು ಪ್ರಯೋಗ ಅದರಿಂದ ಕೆಡುಕೇ ಆಗಬಹುದು ಎಂದು ತೋರಿಸಿತು. ವಯಸ್ಕರಿಗೆ ನಿಮಿಷಕ್ಕೆ ಸುಮಾರು 10 ಸಲ ಒತ್ತಿದರೆ ಸಾಕು.

ಹೀಗೆ ನಂಬಿಕೆ ಬುಡಮೇಲಾದದ್ದು ಇದೊಂದೇ ಅಲ್ಲ. ಮಿದುಳಿನ ಬಾವಿಗೆ ಸ್ಟಿರಾಯ್ಡ್ ಒಳ್ಳೆಯದು ಎಂದು ವರ್ಷಾನುಗಟ್ಟಲೆ ಕೊಟ್ಟರು. 2004ರಲ್ಲಿ ‘ಕ್ರ್ಯಾಶ್’ ಎಂಬ ಪ್ರಯೋಗದ ಫಲಿತಾಂಶ ಬಂತು. 10,008 ಗಾಯಾಳುಗಳು. ಎರಡು ವಾರದೊಳಗೆ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21ರಷ್ಟು ಜನ ತೀರಿಕೊಂಡರು, ಪಡೆಯದವರಲ್ಲಿ ಶೇ. 18. ಮೈ ತಣ್ಣಗೆ ಮಾಡುವ ಚಿಕಿತ್ಸೆಯೂ 2015 ಮತ್ತು 2018ರ ದೊಡ್ಡ ಪ್ರಯೋಗಗಳಲ್ಲಿ ಕೈಕೊಟ್ಟಿತು. ಜ್ವರ ಬಾರದಂತೆ, ಸಕ್ಕರೆ ತೀರಾ ಏರದಂತೆ, ಇಳಿಯದಂತೆ ನೋಡಿಕೊಳ್ಳುವುದು ಮಾತ್ರ ಉಳಿದುಕೊಂಡಿದೆ.

ನಮ್ಮಂಥ ಜಿಲ್ಲೆಗಳಿಗೆ ನನಗೆ ಬಹಳ ಮುಖ್ಯ ಅನಿಸುವುದು ಎರಡು ಅಧ್ಯಯನ. ಒಂದು ಬೊಲಿವಿಯಾ ಮತ್ತು ಈಕ್ವೆಡಾರ್‌ನದು, ಅದೇ ಚೆಸ್ನಟ್ ಅವರ ತಂಡ 2012ರಲ್ಲಿ ಪ್ರಕಟಿಸಿದ್ದು. ಗಂಭೀರ ತಲೆ ಗಾಯದ 324 ಜನ. ಅರ್ಧದಷ್ಟು ಜನರಿಗೆ ಬುರುಡೆಯೊಳಗೆ ಒತ್ತಡ ಅಳೆಯುವ ಸಾಧನ ಇಟ್ಟರು. ಉಳಿದವರನ್ನು ಮೇಲಿಂದ ಮೇಲೆ ಪರೀಕ್ಷೆ ಮಾಡಿ, ಸಿಟಿ ಸ್ಕ್ಯಾನ್ ನೋಡಿ ಚಿಕಿತ್ಸೆ ಕೊಟ್ಟರು. ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಸಾಧನ ಇಲ್ಲದ ಐಸಿಯುನಲ್ಲೂ, ಶ್ರದ್ಧೆಯಿಂದ ನೋಡುವ ನರ್ಸ್ ಮತ್ತು ವೈದ್ಯರಿದ್ದರೆ ಚಿಕಿತ್ಸೆ ಕಳಪೆಯಾಗಬೇಕಿಲ್ಲ ಅಂತಾಯಿತಲ್ವಾ?

ಇನ್ನೊಂದು ಅಮೆರಿಕದ ಅರಿಜೋನಾದ್ದು, 2019ರಲ್ಲಿ ಬಂದದ್ದು. ಅಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಮೂರೇ ಸಂಗತಿ ಕಲಿಸಿದರು: ಆಕ್ಸಿಜನ್ ಇಳಿಯಬಾರದು, ಬಿಪಿ ಇಳಿಯಬಾರದು, ಬ್ಯಾಗ್ ಜೋರಾಗಿ ಒತ್ತಬಾರದು. ಒಟ್ಟು ಗಾಯಾಳುಗಳನ್ನು ತೆಗೆದುಕೊಂಡರೆ ಸ್ಪಷ್ಟ ಲಾಭ ಕಾಣಲಿಲ್ಲ. ಆದರೆ ಗಂಭೀರ ವರ್ಗದವರಲ್ಲಿ ಬದುಕುವ ಸಾಧ್ಯತೆ ಎರಡು ಪಟ್ಟಾಯಿತು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ರೋಣದ ಹಳ್ಳಿಗಳಿಂದ, ಹಾನಗಲ್ಲಿನಿಂದ ಇನ್ನೂ ದೂರ. ಅಷ್ಟು ಹೊತ್ತು ಖಾಸಗಿ ಗಾಡಿಯ ಹಿಂದಿನ ಸೀಟಿನಲ್ಲಿ, ಕತ್ತು ಬಗ್ಗಿಸಿ, ಆಕ್ಸಿಜನ್ ಇಲ್ಲದೆ ಮಲಗಿಸಿ ತರುವುದು ಎರಡನೇ ಪೆಟ್ಟಿಗೆ ದಾರಿ ಬಿಟ್ಟಂತೆ. 108ಕ್ಕೆ ಕರೆ ಮಾಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ನಿಂತು ಉಸಿರು, ಬಿಪಿ ಸರಿಮಾಡಿಸಿಕೊಂಡು ಹೊರಟರೆ ಸಮಯ ಹಾಳಾಗುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ವಾಂತಿಯಾದರೆ ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿ ಹಿಡಿದು ಪಕ್ಕಕ್ಕೆ ಹೊರಳಿಸಿ. ನೆತ್ತಿಯ ಗಾಯದಿಂದ ಸುರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅಷ್ಟರಿಂದಲೂ ಬಿಪಿ ಕುಸಿಯಬಹುದು.

ಪೆಟ್ಟು ಸಣ್ಣದು ಎಂದು ಮನೆಗೆ ಕಳಿಸಿದವರ ವಿಷಯ ಒಂದು ಉಳಿದಿದೆ. ‘ನಿದ್ದೆ ಮಾಡಿಸಬಹುದಾ?’ ಎಂದು ತುಂಬಾ ಜನ ಕೇಳುತ್ತಾರೆ. ವೈದ್ಯರು ನೋಡಿ ಸರಿ ಎಂದಿದ್ದರೆ ಮಲಗಬಹುದು. ಮೊದಲ ದಿನ ಜೊತೆಗೆ ಒಬ್ಬರಿರಲಿ. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ವಾಂತಿ ಮತ್ತೆ ಮತ್ತೆ ಆದರೆ, ತಲೆನೋವು ಏರುತ್ತಲೇ ಹೋದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ ಬೆಳಗಾಗಲಿ ಎಂದು ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬಚ್ಚಲಲ್ಲಿ ಜಾರಿ ತಲೆಗೆ ತಾಗಿಸಿಕೊಂಡರೆ, ಏನೂ ಅನಿಸದಿದ್ದರೂ ಅದೇ ದಿನ ತೋರಿಸಬೇಕು. ಆ ಮಾತ್ರೆಯ ಹೆಸರನ್ನು ಮರೆಯದೆ ವೈದ್ಯರಿಗೆ ಹೇಳಿ.