ಸ್ವಿಚ್ ಹಾಕುವ ಮುನ್ನ

ಹಳೆಯ ಕಂಪ್ಯೂಟರ್ ಕೈಗೆ ಬಂದ ದಿನ ಯಾರಿಗಾದರೂ ಮೊದಲು ಹುಟ್ಟುವ ಆಸೆ ಒಂದೇ: ಕರೆಂಟ್ ಕೊಟ್ಟು ನೋಡೋಣ. ಅದನ್ನೇ ಮಾಡಬಾರದು. ನಲವತ್ತು ವರ್ಷ ಅಟ್ಟದ ಧೂಳಿನಲ್ಲಿ ಮಲಗಿಯೂ ಉಳಿದುಕೊಂಡ ಯಂತ್ರ ಆ ಒಂದು ಕ್ಷಣದಲ್ಲಿ ಸಾಯಬಹುದು.

ಇದನ್ನು ನಾನು ಕಲಿತದ್ದು ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಪ್ಪು ಪೆಟ್ಟಿಗೆಯಿಂದ. ಇಂಗ್ಲೆಂಡಿನಲ್ಲಿ ಓದುತ್ತಿರುವ ಅಕ್ಕನ ಮಗ ರಜೆಗೆ ಬರುವಾಗ ಅದನ್ನು ಸ್ವೆಟರಿನಲ್ಲಿ ಸುತ್ತಿ ತಂದಿದ್ದ. ಮಾರಿದವರು "ಪರೀಕ್ಷಿಸಿ ನೋಡಿಲ್ಲ" ಎಂದಿದ್ದರಂತೆ. ಹಳೆಯ ಕಂಪ್ಯೂಟರ್‌ಗಳ ಸಂತೆಯಲ್ಲಿ ಈ ಮಾತಿಗೆ ಸಾಮಾನ್ಯವಾಗಿ ಇರುವ ಅರ್ಥ, "ಪರೀಕ್ಷಿಸಿದೆವು, ಓಡಲಿಲ್ಲ" ಎಂದು.

ಸ್ಪೆಕ್ಟ್ರಮ್ ಬಿಡುಗಡೆಯಾದದ್ದು 1982ರ ಏಪ್ರಿಲ್‌ನಲ್ಲಿ, ಕೇಂಬ್ರಿಜ್‌ನ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯಿಂದ. 16 ಕಿಲೋಬೈಟ್ ಮೆಮೊರಿಯದಕ್ಕೆ 125 ಪೌಂಡ್, 48ರದಕ್ಕೆ 175. ಅಂಗೈಯಷ್ಟು ಅಗಲದ ರಬ್ಬರ್ ಕೀಲಿಮಣೆ, ಒಳಗೆ ಸೆಕೆಂಡಿಗೆ 35 ಲಕ್ಷ ಸಲ ಮಿಡಿಯುವ ಜೆಡ್80 ಪ್ರೊಸೆಸರ್. ಪರದೆಗೆ ಮನೆಯ ಟಿ.ವಿ., ಕಡತ ಇಡಲು ಮನೆಯ ಟೇಪ್ ರೆಕಾರ್ಡರ್. ಭಾರತದಲ್ಲೂ ಡೆಸಿಬೆಲ್ಸ್ ಎಂಬ ಕಂಪನಿ ಇದರ ಮುಂದಿನ ಮಾದರಿಯನ್ನು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಮಾರಿತ್ತು. ಖರ್ಚು ಉಳಿಸಲು ಸಿಂಕ್ಲೇರ್ ಏನೆಲ್ಲ ಕೈಬಿಟ್ಟಿತೆಂದರೆ, ಈ ಯಂತ್ರಕ್ಕೆ ಸ್ವಿಚ್ಚೇ ಇಲ್ಲ. ಪಿನ್ ಚುಚ್ಚಿದರೆ ಶುರು, ಕಿತ್ತರೆ ಮುಗಿಯಿತು.

ಮೊದಲ ಅಪಾಯ ಕಾಯುತ್ತಿರುವುದು ಆ ಪಿನ್ನಿನಲ್ಲೇ. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳ ಪಿನ್ನಿನಲ್ಲಿ ಒಳಭಾಗ ಧನ, ಹೊರಭಾಗ ಋಣ. ಸ್ಪೆಕ್ಟ್ರಮ್‌ನದು ತಿರುವುಮುರುವು. ಒಂಬತ್ತು ವೋಲ್ಟ್ ಎಂದು ಬರೆದಿದೆಯಲ್ಲ ಎಂದು ಕೈಗೆ ಸಿಕ್ಕ ಅಡಾಪ್ಟರ್ ಸಿಕ್ಕಿಸಿ ಬೋರ್ಡ್ ಸುಟ್ಟುಕೊಂಡವರು ಕಡಿಮೆಯಿಲ್ಲ.

ಎರಡನೆಯದು ಕೆಪಾಸಿಟರುಗಳು, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗಗಳು. ರೇಡಿಯೊ ರಿಪೇರಿಯವರ ಬಾಯಲ್ಲಿ ಇವು ಕಂಡೆನ್ಸರ್. ಉರುಟಾದ ಪುಟ್ಟ ಡಬ್ಬಿ ಬಿಚ್ಚಿದರೆ ಒಳಗೆ ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ರಾಸಾಯನಿಕ ದ್ರವದಲ್ಲಿ ನೆನೆದ ಕಾಗದ. ತಳದಲ್ಲಿ ರಬ್ಬರ್ ಬಿರಡೆ. ದಶಕಗಳು ಕಳೆದಂತೆ ಬಿರಡೆಯ ಸಂದಿಯಿಂದ ದ್ರವ ಆರಿಹೋಗುತ್ತದೆ, ಇಲ್ಲವೇ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಯಂತ್ರ ಬಳಸದೆ ಜೋಪಾನವಾಗಿ ಇಟ್ಟಿದ್ದೇವೆ ಎನ್ನುವವರಿದ್ದಾರೆ. ದ್ರವಕ್ಕೆ ಆ ಜೋಪಾನ ಗೊತ್ತಾಗುವುದಿಲ್ಲ.

ಇನ್ನೊಂದು ಬಗೆಯ ಕೆಪಾಸಿಟರ್ ಇದಕ್ಕಿಂತ ನಾಟಕೀಯ. ಅದನ್ನು ನೋಡಬೇಕಾದರೆ ಸಿಂಕ್ಲೇರ್‌ನ ಊರಿನ ಎದುರಾಳಿ ಏಕಾರ್ನ್ ತಯಾರಿಸಿದ ಬಿಬಿಸಿ ಮೈಕ್ರೊ ಹುಡುಕಬೇಕು. ಇದು ನಮಗೆ ಪರಕೀಯ ಯಂತ್ರವಲ್ಲ. 1984ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಗೆ ಆರಿಸಿಕೊಂಡದ್ದು ಇದನ್ನೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಕಂಪ್ಯೂಟರ್ ಕೋಣೆ ಕೆಲವರಿಗಾದರೂ ನೆನಪಿದ್ದೀತು. ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿ ವಿದ್ಯುತ್ತಿನ ಗಲಾಟೆ ಸೋಸಲು ಪಾರದರ್ಶಕ ರಾಳದೊಳಗೆ ಕೂತ ಕಾಗದದ ಕೆಪಾಸಿಟರ್‌ಗಳಿವೆ. ವಯಸ್ಸಾದಂತೆ ರಾಳ ಬಿರುಕು ಬಿಡುತ್ತದೆ, ಬಿರುಕಿನಿಂದ ಗಾಳಿಯ ತೇವ ಒಳಗಿಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲವಾದರೆ ಕೇಳುವುದೇ ಬೇಡ. ಕರೆಂಟ್ ಕೊಟ್ಟ ಕೆಲವು ನಿಮಿಷ ಎಲ್ಲ ಸರಿಯಾಗಿರುತ್ತದೆ, ಆಮೇಲೆ ಪಟ್ಟೆಂಬ ಸದ್ದು, ಕೋಣೆ ತುಂಬ ನಾರುವ ಹೊಗೆ. ತಮಾಷೆಯೆಂದರೆ ಎಷ್ಟೋ ಸಲ ಕಂಪ್ಯೂಟರ್ ಆ ಹೊಗೆಯ ನಡುವೆಯೂ ಓಡುತ್ತಲೇ ಇರುತ್ತದೆ. ಆದರೂ ಆ ಬಿಡಿಭಾಗ ಬದಲಿಸದೆ 230 ವೋಲ್ಟ್ ಕೊಡುವುದು ಬೇಡ. ಪವರ್ ಸಪ್ಲೈ ಬಿಚ್ಚಿ ಅಭ್ಯಾಸವಿಲ್ಲದವರು ತಿಳಿದವರಿಂದಲೇ ಮಾಡಿಸಲಿ.

ನನ್ನ ಸ್ಪೆಕ್ಟ್ರಮ್‌ಗೆ ಹಿಂತಿರುಗುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೆಪಾಸಿಟರುಗಳನ್ನು ತಂದು ಬದಲಿಸಿದ ಮೇಲೂ ಕೈ ನಡುಗುತ್ತಿತ್ತು. ಅದರ 48 ಕಿಲೋಬೈಟ್ ಮೆಮೊರಿಯಲ್ಲಿ ಕೆಳಗಿನ 16 ಇರುವುದು 4116 ಎಂಬ ಎಂಟು ಚಿಪ್‌ಗಳಲ್ಲಿ. ಇವು ಮಹಾ ಮಡಿವಂತ ಚಿಪ್‌ಗಳು. ಇವಕ್ಕೆ ಏಕಕಾಲಕ್ಕೆ ಮೂರು ಬಗೆಯ ವಿದ್ಯುತ್ ಬೇಕು: +5, +12 ಮತ್ತು −5 ವೋಲ್ಟ್. ಈ ಋಣ ಐದು ವೋಲ್ಟ್ ತಪ್ಪಿಹೋಗಿ ಹನ್ನೆರಡು ಮಾತ್ರ ಉಳಿದರೆ ಚಿಪ್‌ಗಳು ಬೆರಳಿಡಲಾಗದಷ್ಟು ಕಾದು ಸಾಯುತ್ತವೆ. ಹಾಗಾಗಿ ಪಿನ್ ಚುಚ್ಚುವವನು ಒಬ್ಬ, ಮೀಟರ್ ಹಿಡಿದವನು ಇನ್ನೊಬ್ಬ ಎಂದು ಅಳಿಯನೂ ನಾನೂ ಕೆಲಸ ಹಂಚಿಕೊಂಡೆವು.

ಮೇಲಿನ 32 ಕಿಲೋಬೈಟ್‌ನ ಕಥೆ ಬೇರೆಯೇ. ಅಲ್ಲಿ ಬಳಸಿರುವುದು ಅರ್ಧ ಕೆಟ್ಟ ಚಿಪ್‌ಗಳು! 64 ಕಿಲೋಬಿಟ್‌ನ ಚಿಪ್ ತಯಾರಿಸುವಾಗ ಒಂದರ್ಧ ದೋಷದಿಂದ ಹೊರಬಿದ್ದರೆ, ಕಾರ್ಖಾನೆ ಅದನ್ನು ಎಸೆಯದೆ 32ರ ಚಿಪ್ ಎಂದು ಅಗ್ಗಕ್ಕೆ ಮಾರುತ್ತಿತ್ತು. ಸಿಂಕ್ಲೇರ್ ಅದನ್ನು ಕೊಂಡು, ಒಳ್ಳೆಯ ಅರ್ಧ ಯಾವುದೆಂದು ತಿಳಿಸಲು ಬೋರ್ಡಿನ ಮೇಲೆ ಒಂದು ತಂತಿಯ ತುಂಡು ಬೆಸೆಯುತ್ತಿತ್ತು. ಕೊಳೆತ ಭಾಗ ಕೊಯ್ದು ಉಳಿದ ಮಾವಿನಹಣ್ಣು ತಿನ್ನುವ ನಮ್ಮ ಅಜ್ಜಿಯಂದಿರು ಇದನ್ನು ಒಪ್ಪುತ್ತಿದ್ದರು.

ವೋಲ್ಟುಗಳೆಲ್ಲ ಸರಿಯಾಗಿದ್ದವು. ಆದರೆ ಟಿ.ವಿ.ಯ ಮೇಲೆ ಮೂಡಿದ್ದು ನೀಲಿ ಹಿನ್ನೆಲೆ, ಅದರ ತುಂಬ ಉದ್ದುದ್ದ ಕೆಂಪು ಗೆರೆಗಳು. ಅಲ್ಲಿಗೇ ನಿಂತಿತು.

"ಕೆಟ್ಟುಹೋಗಿದೆ, ಮಾವ" ಎಂದ ಅಕ್ಕನ ಮಗ.

ಕೆಟ್ಟಿರುವುದು ನಿಜ. ಆದರೆ ಏನು ಕೆಟ್ಟಿದೆಯೆಂದು ಆ ಪರದೆಯೇ ಹೇಳುತ್ತಿತ್ತು. ಈ ಯಂತ್ರದಲ್ಲಿ ಚಿತ್ರಕ್ಕೆಂದು ಬೇರೆ ಮೆಮೊರಿ ಇಲ್ಲ. ಆ ಕೆಳಗಿನ 16 ಕಿಲೋಬೈಟ್‌ನ ಮೊದಲ 6,912 ಬೈಟುಗಳೇ ಪರದೆ: 6,144 ಬೈಟುಗಳಲ್ಲಿ ಚುಕ್ಕೆಗಳು, 768ರಲ್ಲಿ ಬಣ್ಣಗಳು. ಒಂದು ಬೈಟ್ ಎಂದರೆ ಎಂಟು ಬಿಟ್, ಅಂದರೆ 0 ಅಥವಾ 1 ಆಗಬಲ್ಲ ಎಂಟು ಅಂಕಿ; ಪರದೆಯ ಮೇಲೆ ಅಡ್ಡಸಾಲಿನ ಎಂಟು ಚುಕ್ಕೆ. ಆ ಎಂಟು ಚುಕ್ಕೆಗಳನ್ನು ಎಂಟು ಚಿಪ್‌ಗಳು ಒಂದೊಂದಾಗಿ ಹಂಚಿಕೊಂಡಿವೆ; ಎಂಟಕ್ಷರದ ಒಂದೇ ಪದವನ್ನು ಎಂಟು ಜನ ತಲೆಗೊಂದು ಅಕ್ಷರದಂತೆ ನೆನಪಿಟ್ಟುಕೊಂಡ ಹಾಗೆ. ಒಬ್ಬನ ಮರೆವು ಪ್ರತಿ ಪದದಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ.

ಕರೆಂಟ್ ಬಂದೊಡನೆ ಸ್ಪೆಕ್ಟ್ರಮ್ ತನ್ನ ಮೆಮೊರಿಯ ಪ್ರತಿ ಬೈಟಿನಲ್ಲೂ 2 ಎಂಬ ಅಂಕಿಯನ್ನು ಬರೆದು, ಮತ್ತೆ ಓದಿ ಪರೀಕ್ಷಿಸುತ್ತದೆ. 0 ಮತ್ತು 1 ಮಾತ್ರ ಬಳಸುವ ದ್ವಿಮಾನದ ಲೆಕ್ಕದಲ್ಲಿ 2 ಎಂದರೆ 00000010. ಹಾಗಾಗಿ ಪ್ರತಿ ಎಂಟು ಚುಕ್ಕೆಯಲ್ಲಿ ಏಳನೆಯದು ಹೊತ್ತಿಕೊಳ್ಳುತ್ತದೆ. ಬಣ್ಣದ ಬೈಟುಗಳಲ್ಲೂ ಅದೇ 2. ಅಲ್ಲಿ ಅದರ ಅರ್ಥ ಕಪ್ಪಿನ ಮೇಲೆ ಕೆಂಪು. ಆರೋಗ್ಯವಂತ ಯಂತ್ರದಲ್ಲಿ ಕಪ್ಪು ಪರದೆಯ ಮೇಲೆ ತೆಳು ಕೆಂಪು ಗೆರೆಗಳು ಕ್ಷಣಕಾಲ ಮಿಂಚಿ ಮಾಯವಾಗಿ, ಬಿಳಿ ಪರದೆಯ ತಳದಲ್ಲಿ ಸಿಂಕ್ಲೇರ್‌ನ ಹೆಸರು ಮೂಡುತ್ತದೆ.

ನಮ್ಮದರಲ್ಲಿ ಎಂಟು ಚುಕ್ಕೆಗೆ ಎರಡು ಗೆರೆ. ಭೂತಗನ್ನಡಿ ಹಿಡಿದು ಎಣಿಸಿದೆವು: ಐದನೆಯದು, ಏಳನೆಯದು. ಐದನೆಯ ಚುಕ್ಕೆ ಬಲದಿಂದ ನಾಲ್ಕನೆಯ ಸ್ಥಾನ, ಅಂದರೆ ಎಂಟರ ಸ್ಥಾನ. ಅದನ್ನು ಹೊತ್ತ ಚಿಪ್ ಏನು ಬರೆದರೂ 1 ಎಂದೇ ಹೇಳುತ್ತಿದೆ. 2 ಬರೆದರೆ 10 ಓದುತ್ತದೆ. ಇನ್ನು ಬಣ್ಣದ ಬೈಟಿನಲ್ಲಿ ಎಂಟರ ಸ್ಥಾನವೆಂದರೆ ಹಿನ್ನೆಲೆಯ ನೀಲಿ! ನೀಲಿ ಪರದೆ, ಎರಡೆರಡು ಗೆರೆ, ಎರಡು ಸಾಕ್ಷಿಗಳೂ ಒಂದೇ ಅಪರಾಧಿಯನ್ನು ತೋರಿಸಿದವು. ಅಳಿಯ ಒಂದು ಗಂಟೆ ಕಾಗದದ ಮೇಲೆ ದ್ವಿಮಾನದ ಲೆಕ್ಕ ಬರೆದು ಬರೆದು ಒರೆಸಿದ. ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ಹುಡುಗ ಅವನು; ಬಿಟ್ ಒಂದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲಂತೆ.

ಆ ಚಿಪ್‌ನ ಹದಿನಾರು ಕಾಲುಗಳ ಬೆಸುಗೆ ಬಿಡಿಸಿ, ಸಾಕೆಟ್ ಕೂರಿಸಿ, ಬೇರೆ 4116 ಹಾಕಿದೆವು. ಗೆರೆಗಳು ಮಿಂಚಿ ಹೋದವು, ಪರದೆ ಬೆಳ್ಳಗಾಯಿತು. ಪೆಟ್ಟಿಗೆ ಬಿಚ್ಚುವ ಭರದಲ್ಲಿ ಕೀಲಿಮಣೆಯ ಒಣಗಿದ ಪ್ಲಾಸ್ಟಿಕ್ ಪಟ್ಟಿ ಹರಿದುಹೋಗಿತ್ತು. ಅದನ್ನು ಈಗಲೂ ಹೊಸದಾಗಿ ತಯಾರಿಸಿ ಮಾರುವವರಿದ್ದಾರೆ.

ಇಷ್ಟೆಲ್ಲ ಏಕೆ, ಎಮ್ಯುಲೇಟರ್ ಇದೆಯಲ್ಲ ಎನ್ನಬಹುದು. ಆಟ ಆಡುವುದಷ್ಟೇ ಬೇಕಿದ್ದರೆ ಅದೇ ಸಾಕು. ಇಂದಿನ ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್‌ನ ಅನುಕರಣೆ ಪುಕ್ಕಟೆ ಓಡುತ್ತದೆ, ಎಂದೂ ಹೊಗೆ ಬಿಡುವುದಿಲ್ಲ. ಸಂಗ್ರಹಿಸುವವರಲ್ಲಿ ಹಳದಿಗಟ್ಟಿದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳುಪು ಮಾಡುವ ಗೀಳೂ ಇದೆ. ಬೆಂಕಿ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಸಂಯುಕ್ತಗಳಿಗೂ ಆ ಹಳದಿಗೂ ನಂಟಿದೆ. ಬಿಳುಪಾದದ್ದು ಎಷ್ಟೋ ಸಲ ಮತ್ತೆ ಹಳದಿಯಾಗುತ್ತದೆ. ಕಮೋಡೋರ್ 64 ಎಂಬ ಅಮೆರಿಕದ ಹಳೆಯ ಕಂಪ್ಯೂಟರ್ ಕೊಂಡವರು ಹಳದಿಯನ್ನು ಹಾಗೇ ಬಿಟ್ಟು ಅದರ ಪವರ್ ಅಡಾಪ್ಟರ್ ಕಡೆ ಗಮನ ಕೊಡಲಿ ಎಂಬುದು ನನ್ನ ಹಟ. ಅದು ಕೆಟ್ಟಾಗ ಐದು ವೋಲ್ಟಿನ ಜಾಗದಲ್ಲಿ ಹೆಚ್ಚು ವೋಲ್ಟ್ ಉಗುಳಿ ಚಿಪ್‌ಗಳನ್ನು ಕೊಲ್ಲುತ್ತದೆ. ಅಮೆರಿಕದಲ್ಲಿ ಮಾರಿದ ಮಾದರಿಯಾದರೆ 'ಪಾಲ್' ಎಂಬ ಬಣ್ಣದ ಪ್ರಸಾರ ಪದ್ಧತಿಯ ನಮ್ಮ ಟಿ.ವಿ.ಗೂ ಹೊಂದುವುದಿಲ್ಲ. ಬ್ರಿಟನ್ನಿನವು ಆ ಮಟ್ಟಿಗೆ ನಮ್ಮ ಬಂಧುಗಳೇ.

ಉಳಿದದ್ದು ಪ್ರೋಗ್ರಾಂ ತುಂಬುವುದು. ಟೇಪ್ ರೆಕಾರ್ಡರ್ ಇರಲಿಲ್ಲ. ಆದರೆ ಸ್ಪೆಕ್ಟ್ರಮ್‌ಗೆ ಬೇಕಾದದ್ದು ಟೇಪ್ ಅಲ್ಲ, ಸದ್ದು. 0 ಎಂದರೆ ಸೆಕೆಂಡಿಗೆ ಸುಮಾರು ಎರಡು ಸಾವಿರ ಸಲ ಕಂಪಿಸುವ ಒಂದು ಅಲೆ, 1 ಎಂದರೆ ಅದರ ಎರಡರಷ್ಟು ಉದ್ದದ ಅಲೆ. ಎಲ್ಲಿಂದ ಬಂದರೂ ಅದಕ್ಕೆ ಒಂದೇ. ಮೊಬೈಲಿನಲ್ಲಿ ಧ್ವನಿಕಡತ ಹಾಕಿ, ತಂತಿ ಸಿಕ್ಕಿಸಿ, ಸದ್ದು ಪೂರ್ತಿ ಏರಿಸಿದೆವು. ಆ ಮೊಬೈಲಿನ ಪ್ರೊಸೆಸರ್ ಎಆರ್‌ಎಂ ವಂಶದ್ದು. ಅದರ ಮೂಲಪುರುಷನನ್ನು 1985ರಲ್ಲಿ ರೂಪಿಸಿದವರು ಅದೇ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಎದುರಾಳಿಯ ಮರಿಮಗ ಬಂದು ಸ್ಪೆಕ್ಟ್ರಮ್‌ಗೆ ಕ್ಯಾಸೆಟ್ ಆಗಿ ಕೂತಿದ್ದ.

ಜೆ ಕೀಲಿ ಒತ್ತಿದರೆ 'ಲೋಡ್' ಎಂಬ ಇಡೀ ಪದ ಮೂಡಿತು. ಪರದೆಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟೆಗಳು, ಆಮೇಲೆ ಹಳದಿ-ನೀಲಿ ಪಟ್ಟೆಗಳ ಕುಣಿತ. 48 ಕಿಲೋಬೈಟ್ ತುಂಬಲು ಐದು ನಿಮಿಷ ಬೇಕು. ನಾಲ್ಕನೆಯ ನಿಮಿಷದಲ್ಲಿ ಅಕ್ಕನ ಫೋನ್ ಬಂತು. ಅದರ ರಿಂಗಣವನ್ನೂ ಸ್ಪೆಕ್ಟ್ರಮ್ ಶ್ರದ್ಧೆಯಿಂದ ಸೊನ್ನೆ ಒಂದುಗಳೆಂದು ಓದಲು ಹೋಗಿ, ಟೇಪ್ ದೋಷ ಎಂದು ಒಂದು ಸಾಲು ಬರೆದು ಕೈಚೆಲ್ಲಿತು.

"ಊಟಕ್ಕೆ ಬರುವುದಿಲ್ಲವೇ ಎಂದು ಕೇಳುತ್ತಿದ್ದಾಳೆ" ಎಂದು ಅಳಿಯ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಕಡತವನ್ನು ಮೊದಲಿನಿಂದ ಹಚ್ಚಿದ.