ರೇಡ್ ಆಯ್ಕೆ: ಒಂದು ಡಿಸ್ಕ್ ಕೆಟ್ಟ ಮೇಲಿನ ಗಂಟೆಗಳ ಲೆಕ್ಕ

ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಜೋಡಿಸಿ ಬಳಸುವ ವಿಧಾನವೇ ರೇಡ್. ಜೋಡಿಸುವ ಬಗೆಗಳಾದ ರೇಡ್ ಮಟ್ಟಗಳನ್ನು ನಾವೆಲ್ಲ 0, 1, 5, 6, 10 ಅಂತ ಬಾಯಿಪಾಠ ಮಾಡಿರುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸದಾ ನಡೆಯುತ್ತಲೇ ಇರಬೇಕಾದ ಸರ್ವರ್‌ಗೆ ಡಿಸ್ಕ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಒಂದು ಡಿಸ್ಕ್ ಕೆಟ್ಟಾಗಿನಿಂದ ಅದರ ಜಾಗದ ಹೊಸ ಡಿಸ್ಕ್ ಪೂರ್ತಿ ತುಂಬುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಡೇಟಾ ಉಳಿಯುತ್ತದೆಯೇ?

ಈ ಚಿಂತೆ ರೇಡ್ ಹುಟ್ಟಿದಾಗಲೇ ಇತ್ತು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದ ಪ್ರಬಂಧ, ಮೇನ್‌ಫ್ರೇಮಿನ ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಗುಂಪು ಬಳಸೋಣ ಎಂದಿತು. ತೊಡಕನ್ನೂ ಅವರೇ ಲೆಕ್ಕ ಹಾಕಿ ತೋರಿಸಿದರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ, 100 ಡಿಸ್ಕುಗಳ ಗುಂಪಿನಲ್ಲಿ ಸರಾಸರಿ 300 ಗಂಟೆಗೊಮ್ಮೆ ಒಂದು ಕೆಡುತ್ತದೆ. ಎರಡು ವಾರ ಕೂಡ ಆಗುವುದಿಲ್ಲ! ಹಾಗಾಗಿ ಹೆಚ್ಚುವರಿ ಡಿಸ್ಕ್ ಇಡಲೇಬೇಕಾಯಿತು.

ಆ ಹೆಚ್ಚುವರಿ ಜಾಗದಲ್ಲಿ ಏನು ಬರೆಯುವುದು? ಒಂದು ಬಗೆ ಪ್ಯಾರಿಟಿ, ಅಂದರೆ ಸಮ-ಬೆಸದ ಲೆಕ್ಕ. ಮೂರು ಡಿಸ್ಕುಗಳಲ್ಲಿ 1, 0, 1 ಇದ್ದರೆ, ಒಟ್ಟು 1ಗಳ ಎಣಿಕೆ ಸಮ ಆಗುವಂತೆ ನಾಲ್ಕನೆಯದರಲ್ಲಿ 0 ಬರೆಯುತ್ತೇವೆ. ನಡುವಿನದು ಕೆಟ್ಟರೆ ಉಳಿದದ್ದು 1, 1, 0. ಎಣಿಕೆ ಈಗಾಗಲೇ ಸಮವಾಗಿರುವುದರಿಂದ ಕಳೆದುಹೋದದ್ದು 0. ರೇಡ್ 5ರ ಗುಟ್ಟು ಇಷ್ಟೇ. ಗಮನಿಸಿ: ಒಂದನ್ನು ಮರಳಿ ಪಡೆಯಲು ಉಳಿದ ಎಲ್ಲವನ್ನೂ ಓದಬೇಕು.

ಈಗ 4 ಟಿಬಿಯ 8 ಡಿಸ್ಕ್ ತೆಗೆದುಕೊಳ್ಳೋಣ. ರೇಡ್ 5ರಲ್ಲಿ 28 ಟಿಬಿ, ಎರಡು ಪ್ಯಾರಿಟಿ ಇಡುವ ರೇಡ್ 6ರಲ್ಲಿ 24, ಡಿಸ್ಕುಗಳನ್ನು ಜೋಡಿ ಮಾಡಿ ಒಂದರ ನಕಲನ್ನು ಇನ್ನೊಂದರಲ್ಲಿ ಇಡುವ ರೇಡ್ 10ರಲ್ಲಿ 16 ಟಿಬಿ ಸಿಗುತ್ತದೆ. ಜಾಗವನ್ನಷ್ಟೇ ನೋಡುವವರು ಇಲ್ಲೇ ರೇಡ್ 5ಕ್ಕೆ ಒಲಿಯುತ್ತಾರೆ. ಒಂದು ಡಿಸ್ಕ್ ಹೋಯಿತು ಅನ್ನಿ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆದರೂ ಹೊಸ ಡಿಸ್ಕ್ ತುಂಬಲು ಸುಮಾರು ಏಳೂವರೆ ಗಂಟೆ. ಸರ್ವರ್ ಆಗಲೂ ಬಳಕೆದಾರರಿಗೆ ಕೆಲಸ ಮಾಡುತ್ತಿರಬೇಕಲ್ಲ, ಆದ್ದರಿಂದ ನಿಜದಲ್ಲಿ ಇದು ಇನ್ನೂ ಎಳೆಯುತ್ತದೆ. ಅಷ್ಟೂ ಹೊತ್ತು ರೇಡ್ 5ಕ್ಕೆ ಯಾವ ರಕ್ಷಣೆಯೂ ಇಲ್ಲ. ಉಳಿದ ಏಳರಿಂದ 28 ಟಿಬಿ ತಪ್ಪಿಲ್ಲದೆ ಓದಬೇಕು. ಸಾಮಾನ್ಯ ಡಿಸ್ಕುಗಳ ವಿವರಪಟ್ಟಿಯಲ್ಲಿ 12.5 ಟಿಬಿ ಓದಿದರೆ ಒಂದು ಓದಲಾಗದ ಬಿಟ್ ಬರಬಹುದು ಎಂಬ ಮಿತಿ ಇರುತ್ತದೆ. ಡಿಸ್ಕುಗಳು ಅದಕ್ಕಿಂತ ಚೆನ್ನಾಗಿ ನಡೆಯುವುದೇ ಹೆಚ್ಚು, ಆದರೂ ಆ ಭರವಸೆಯ ಮೇಲೆ ದೊಡ್ಡ ಡಿಸ್ಕುಗಳನ್ನು ರೇಡ್ 5ಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಂದೇ ದಿನ, ಒಂದೇ ಬ್ಯಾಚಿನಿಂದ ಕೊಂಡ ಡಿಸ್ಕುಗಳು ಹತ್ತಿರಹತ್ತಿರದಲ್ಲೇ ಕೆಡುವ ಸಂಭವವೂ ಇದೆ.

ರೇಡ್ 6ರಲ್ಲಿ ಎರಡನೇ ಪ್ಯಾರಿಟಿ ಇರುವುದರಿಂದ ಒಂದು ಡಿಸ್ಕ್ ಹೋದ ಮೇಲೂ ಇನ್ನೊಂದು ಪೆಟ್ಟು ತಡೆದುಕೊಳ್ಳುತ್ತದೆ. ರೇಡ್ 10ರಲ್ಲಿ ರೀಬಿಲ್ಡ್ (ಹೊಸ ಡಿಸ್ಕನ್ನು ತುಂಬುವ ಕೆಲಸ) ಎಂದರೆ ಜೋಡಿ ಡಿಸ್ಕಿನ ನಕಲು ಮಾತ್ರ. 28ರ ಬದಲು 4 ಟಿಬಿ ಓದಿದರೆ ಮುಗಿಯಿತು. ಎರಡನೆಯದಾಗಿ ಕೆಡುವುದು ಅದೇ ಜೋಡಿಯದ್ದಾದರೆ ಮಾತ್ರ ಎಲ್ಲ ಹೋಗುತ್ತದೆ; ಉಳಿದ ಏಳರಲ್ಲಿ ಆ ಒಂದು.

ಬರೆಯುವ ವೇಗದಲ್ಲೂ ವ್ಯತ್ಯಾಸ ದೊಡ್ಡದು. ಒಂದು ಸಣ್ಣ ಬರಹಕ್ಕೆ ರೇಡ್ 10ರಲ್ಲಿ ಡಿಸ್ಕ್ ಮೇಲೆ 2 ಕೆಲಸ, ಜೋಡಿಯ ಎರಡರಲ್ಲೂ ಬರೆಯುವುದು. ರೇಡ್ 5ರಲ್ಲಿ ಹಳೆಯ ಡೇಟಾ, ಹಳೆಯ ಪ್ಯಾರಿಟಿ ಓದಿ ಹೊಸದೆರಡನ್ನು ಬರೆಯಬೇಕು, ಅಂದರೆ 4. ರೇಡ್ 6ರಲ್ಲಿ 6. ಆದ್ದರಿಂದ ಸದಾ ಬರೆಯುವ ಡೇಟಾಬೇಸಿಗೆ ರೇಡ್ 10, ಬರೆದಿಟ್ಟು ಓದುವುದೇ ಹೆಚ್ಚಿರುವ ಕಡತಗಳಿಗೆ ರೇಡ್ 6 ಎಂಬುದು ನನ್ನ ಆಯ್ಕೆ. ಎರಡಕ್ಕೂ ಒಂದು ಹಾಟ್ ಸ್ಪೇರ್, ಅಂದರೆ ಮೊದಲೇ ಜೋಡಿಸಿಟ್ಟ ಬಿಡಿ ಡಿಸ್ಕ್, ಇರಲಿ. ರಾತ್ರಿ ಎರಡು ಗಂಟೆಗೆ ಡಿಸ್ಕ್ ಹೋದರೆ ಯಾರೂ ಬರುವ ತನಕ ಕಾಯದೆ ರೀಬಿಲ್ಡ್ ಶುರುವಾಗುತ್ತದೆ.

ಡಿಸ್ಕ್ ಎಂಟಿದ್ದು, ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್, ಪವರ್ ಸಪ್ಲೈ ಒಂದೊಂದೇ ಇದ್ದರೆ ಅವುಗಳಲ್ಲಿ ಒಂದು ಕೆಟ್ಟರೂ ಎಲ್ಲ ನಿಲ್ಲುತ್ತದೆ. ಹಾಗೆಯೇ ರೇಡ್ ಬ್ಯಾಕಪ್ ಅಲ್ಲ: ತಪ್ಪಿ ಅಳಿಸಿದ ಕಡತ ಜೋಡಿ ಡಿಸ್ಕಿನಿಂದಲೂ ಆ ಕ್ಷಣವೇ ಅಳಿಯುತ್ತದೆ.

ಇದನ್ನು ಓದಿ ಬಿಡಬೇಡಿ. ವರ್ಚುವಲ್ ಯಂತ್ರದಲ್ಲಿ ಲಿನಕ್ಸ್ ಹಾಕಿ, ಐದು ಪುಟ್ಟ ಡಿಸ್ಕ್ ಸೇರಿಸಿ, ಲಿನಕ್ಸಿನಲ್ಲಿ ರೇಡ್ ಕಟ್ಟುವ ಎಂಡಿಅಡ್ಮ್ (mdadm) ಎಂಬ ಸಾಧನ ಬಳಸಿ ನಾಲ್ಕರಲ್ಲಿ ರೇಡ್ 5 ಕಟ್ಟಿ, ಐದನೆಯದನ್ನು ಸ್ಪೇರ್ ಮಾಡಿ. ಒಂದನ್ನು ಕೆಟ್ಟಿದೆ ಎಂದು ಗುರುತಿಸಿ, ಸ್ಪೇರ್ ತುಂಬತೊಡಗುತ್ತದೆ. ಅದು ಅರ್ಧ ಆಗಿರುವಾಗ ಇನ್ನೊಂದನ್ನೂ ಕೆಡಿಸಿ, ಕಡತಗಳನ್ನು ತೆರೆಯಲು ಯತ್ನಿಸಿ. ಆಮೇಲೆ ಅದೇ ಐದು ಡಿಸ್ಕುಗಳಲ್ಲಿ ರೇಡ್ 6 ಕಟ್ಟಿ ಮತ್ತೆ ಮಾಡಿ ನೋಡಿ.