ಫಿಡಲ್ ಟ್ಯೂನ್‌ಗಳೆಲ್ಲ ಒಂದೇ ಥರ ಯಾಕೆ ಕೇಳಿಸುತ್ತವೆ?

ಪ್ರಶ್ನೆ: ಕೆಲಸದ ಮೇಲೆ ಡಬ್ಲಿನ್‌ಗೆ ಬಂದಿದ್ದೇನೆ. ಗೆಳೆಯರು ಕರೆದರು ಅಂತ ಒಂದು ರಾತ್ರಿ ಪಬ್ಬಿನಲ್ಲಿ ಐರಿಶ್ ಫಿಡಲ್ ಕೇಳಲು ಹೋದೆ. ಮೊದಮೊದಲು ಖುಷಿಯಾಯಿತು. ಆಮೇಲೆ ಒಂದೇ ಟ್ಯೂನ್ ಸುತ್ತಿ ಸುತ್ತಿ ಬರುತ್ತಿದೆ ಅನ್ನಿಸಿತು. ಪಕ್ಕದವರು ಮಾತ್ರ ಮಧ್ಯೆ ಮಧ್ಯೆ ‘ಹೋ’ ಅಂತ ಕೂಗುತ್ತಿದ್ದರು. ಅವರಿಗೆ ಕೇಳಿಸಿದ್ದು ನನಗೆ ಯಾಕೆ ಕೇಳಿಸಲಿಲ್ಲ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ. ಆ ಟ್ಯೂನ್‌ಗಳ ಅಳತೆಯೇ ಒಂದು. 8 ಬಾರ್‌ನ (ಬಾರ್ ಅಂದರೆ ತಾಳದ ಒಂದು ಪುಟ್ಟ ಆವರ್ತ) ಒಂದು ಭಾಗ ಎರಡು ಸಲ, 8 ಬಾರ್‌ನ ಇನ್ನೊಂದು ಭಾಗ ಎರಡು ಸಲ, ಒಟ್ಟು 32. ಹೆಚ್ಚಿನವು ಹೀಗೇ ಇರುತ್ತವೆ. ಇವು ಹುಟ್ಟಿದ್ದೇ ಕುಣಿಯುವವರಿಗಾಗಿ. ಹೆಜ್ಜೆಗಳ ಲೆಕ್ಕ ತಪ್ಪಬಾರದಲ್ಲ! ಜೊತೆಗೆ ಟಿನ್ ವಿಸಲ್ ಎಂಬ ಲೋಹದ ಪುಟ್ಟ ಕೊಳಲು, ಮರದ ಕೊಳಲುಗಳಿಗೆ ಡಿ, ಜಿ ಶ್ರುತಿಗಳು ಸಲೀಸು. ಹಾಗಾಗಿ ಆ ಎರಡರ ಆಸುಪಾಸಿನಲ್ಲೇ ಟ್ಯೂನ್‌ಗಳು ಜಾಸ್ತಿ.

ನಮ್ಮ ಸಂಗೀತ ಕಛೇರಿ ಕೇಳಿ ಬೆಳೆದವರಿಗೆ ಇನ್ನೊಂದು ತೊಡಕಿದೆ. ಆಲಾಪನೆ ಯಾವಾಗ, ನೆರವಲ್ ಯಾವಾಗ, ಅಂದರೆ ಕಲಾವಿದರು ಆ ಕ್ಷಣಕ್ಕೆ ಹೊಳೆದದ್ದನ್ನು ಹೆಣೆಯುವುದು ಯಾವಾಗ ಅಂತ ನಾವು ಕಾಯುತ್ತೇವೆ. ಅಲ್ಲಿ ಅದ್ಯಾವುದೂ ಬರುವುದಿಲ್ಲ. ಹತ್ತು ಜನ ಕೂತಿದ್ದರೆ ಹತ್ತೂ ಜನ ಅದೇ ಟ್ಯೂನ್ ನುಡಿಸುತ್ತಾರೆ. ಅಂದಹಾಗೆ, ವಾದ್ಯ ನಮ್ಮ ಪಿಟೀಲೇ. ಬೇರೇನಲ್ಲ.

ಹಾಗಾಗಿ ಮೊದಲು ರಾಗ ಹುಡುಕಬೇಡಿ, ತಾಳ ಹಿಡಿಯಿರಿ. ಬಾಯಲ್ಲೇ ‘ತಕಿಟ ತಕಿಟ’ ಹೇಳಿ ನೋಡಿ. ಕೂತರೆ ಅದು ಜಿಗ್ ಎಂಬ ಬಗೆಯ ಕುಣಿತದ ಟ್ಯೂನ್. ‘ತಕದಿಮಿ ತಕಜಣು’ ಕೂತರೆ ರೀಲ್ ಎಂಬ ಇನ್ನೊಂದು ಬಗೆ. ಒಂದು ಬಾರ್‌ಗೆ ಮೂರು ‘ತಕಿಟ’ ಬಂದರೆ ಸ್ಲಿಪ್ ಜಿಗ್. ರೀಲ್‌ನ ಲೆಕ್ಕವೇ ಇದ್ದು, ಕೊಂಚ ನಿಧಾನವಾಗಿ ಕುಂಟುತ್ತಾ ಹೋದರೆ ಹಾರ್ನ್‌ಪೈಪ್. ಇಷ್ಟು ಗೊತ್ತಾದರೆ ಆ ರಾತ್ರಿ ಕೇಳಿದ್ದರಲ್ಲಿ ಅರ್ಧ ಬೇರೆ ಥರ ಕೇಳಿಸುತ್ತದೆ.

ಇನ್ನು ಆ ‘ಹೋ’. ಒಂದು ರೀಲ್ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷವೂ ಬೇಡ. ಅದನ್ನು ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ ಇನ್ನೊಂದು ಟ್ಯೂನ್‌ಗೆ ಹಾರುತ್ತಾರೆ. ಹೀಗೆ ಪೋಣಿಸಿದ್ದಕ್ಕೆ ಸೆಟ್ ಅಂತಾರೆ. ಶುರು ಮಾಡಿದವರು ಹುಬ್ಬು ಎತ್ತುತ್ತಾರೆ, ಇಲ್ಲವೇ ‘ಹಪ್’ ಅನ್ನುತ್ತಾರೆ. ಎಷ್ಟೋ ಸಲ ಅಲ್ಲಿ ಶ್ರುತಿಯೂ ಬದಲಾಗುತ್ತದೆ. ಜಿ ಇಂದ ಎ ಗೆ ಜಿಗಿದಾಗ ಇಡೀ ಕೋಣೆ ಒಂದು ಮೆಟ್ಟಿಲು ಹತ್ತಿದ ಹಾಗಾಗುತ್ತದೆ. ಪಕ್ಕದವರು ಕೂಗಿದ್ದು ಬಹುಶಃ ಅಲ್ಲೇ.

ಆದರೆ ನನ್ನನ್ನು ಕೇಳಿದರೆ ನಿಜವಾದ ರುಚಿ ಕಮಾನಿನಲ್ಲಿದೆ. ಟ್ಯೂನ್ ಅದೇ ಇರಬಹುದು, ಕೈ ಬದಲಾದರೆ ಊರೇ ಬದಲಾಗುತ್ತದೆ. ಐರ್ಲೆಂಡ್‌ನ ವಾಯವ್ಯ ಮೂಲೆಯ ಡೊನೆಗಾಲ್‌ನಲ್ಲಿ ಕಮಾನನ್ನು ಚುಟುಕಾಗಿ, ಸ್ವರಕ್ಕೊಂದು ಎಳೆತದಂತೆ ಎಳೆಯುತ್ತಾರೆ. ಆ ಕಡೆಯ ಜನ ಸುಗ್ಗಿ ಕೆಲಸಕ್ಕೆ ಸ್ಕಾಟ್ಲೆಂಡ್‌ಗೆ ಹೋಗಿ ಬರುತ್ತಿದ್ದರು. ಅಲ್ಲಿನ ಸ್ಟ್ರಾತ್‌ಸ್ಪೇ ಎಂಬ ಕುಣಿತದ ಟ್ಯೂನ್‌ಗಳೂ ಅವರ ಜೊತೆ ಬಂದವು. ತಗಡಿನ ಕೆಲಸ ಮಾಡುತ್ತಾ ಊರೂರು ಅಲೆದ ಜಾನ್ ಡೊಹರ್ಟಿ ಈ ಶೈಲಿಯ ದೊಡ್ಡ ಹೆಸರು. ಪಶ್ಚಿಮದ ಕ್ಲೇರ್ ಕೌಂಟಿ ಕಡೆಗೆ ಬಂದರೆ ಆತುರವೇ ಇಲ್ಲ. ಅಲ್ಲಿನ ಮಾರ್ಟಿನ್ ಹೇಯ್ಸ್ ಅದೇ ರೀಲನ್ನು ಎಷ್ಟು ನಿಧಾನಿಸುತ್ತಾರೆಂದರೆ, ಇದಕ್ಕೆ ಕುಣಿಯುತ್ತಿದ್ದರಾ ಅಂತ ಅನುಮಾನ ಬರಬೇಕು.

ಸ್ಲೈಗೋ ಕೌಂಟಿಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿನ ಫಿಡಲಿಗ ಮೈಕಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದರು. 1921ರಿಂದ ನ್ಯೂಯಾರ್ಕ್‌ನಲ್ಲಿ ಗ್ರಾಮಫೋನ್ ಪ್ಲೇಟ್‌ಗಳಿಗೆ ನುಡಿಸಿದರು. ಆ ಪ್ಲೇಟ್‌ಗಳು ಹಡಗು ಹತ್ತಿ ಐರ್ಲೆಂಡ್‌ಗೆ ವಾಪಸ್ ಬಂದವು. ಹಳ್ಳಿಯ ಫಿಡಲಿಗರು ಅವನ್ನು ಕೇಳಿ ಅವರಂತೆಯೇ ನುಡಿಸತೊಡಗಿದರು. ತಮ್ಮೂರಿನ ಶೈಲಿ ಬಿಟ್ಟವರೂ ಇದ್ದಾರೆ. ಪ್ಲೇಟ್‌ನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ. ಅಷ್ಟರಲ್ಲಿ ಇಷ್ಟೆಲ್ಲಾ ಆಯಿತು!

ಎಡಗೈ ಬೆರಳನ್ನೂ ಗಮನಿಸಿ. ಉದ್ದನೆಯ ಒಂದು ಸ್ವರ ಬಂದಾಗ ಅದರ ಮೇಲಿನ ಸ್ವರ, ಕೆಳಗಿನ ಸ್ವರ ಎರಡನ್ನೂ ಚಕ್ಕನೆ ತಟ್ಟಿ ವಾಪಸಾಗುತ್ತಾರೆ. ಇದಕ್ಕೆ ರೋಲ್ ಅಂತ ಹೆಸರು. ನಮ್ಮ ಗಮಕದ ಹಾಗೆ ತೂಗುವುದಿಲ್ಲ, ಸಿಡಿಯುತ್ತದೆ. ಎರಡನೇ ಸುತ್ತಿನಲ್ಲಿ ರೋಲ್ ಇದ್ದ ಕಡೆ ಕಮಾನಿನಲ್ಲೇ ಮೂರು ಪುಟ್ಟ ಸ್ವರ ಉದುರಿಸಬಹುದು. ಮನೋಧರ್ಮಕ್ಕೆ, ಅಂದರೆ ಹೊಳೆದದ್ದನ್ನು ನುಡಿಸುವುದಕ್ಕೆ, ಇರುವ ಜಾಗ ಹೆಚ್ಚಾಗಿ ಇಷ್ಟೇ. ದೂರದಲ್ಲಿ ಕೂತರೆ ಇದು ಕೇಳಿಸುವುದಿಲ್ಲ, ಹತ್ತಿರ ಕೂರಿ. ಆದರೆ ತಾಳ ಹಾಕಿ ಚಪ್ಪಾಳೆ ತಟ್ಟಬೇಡಿ. ಅವರಿಗೆ ಕಿರಿಕಿರಿ. ಸೆಟ್ ಮುಗಿದ ಮೇಲೆ ಎಷ್ಟು ಬೇಕಾದರೂ ತಟ್ಟಿ.

ಚಿಕ್ಕಂದಿನಲ್ಲಿ ಸಂಗೀತ ಕಲಿತವರಾದರೆ ಒಂದು ಟ್ಯೂನ್ ನಿಮಗೆ ಆಗಲೇ ಗೊತ್ತಿರಬಹುದು. ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳಲ್ಲಿ ‘ವಂದೇ ಮೀನಾಕ್ಷಿ’ ಇದೆಯಲ್ಲ, ಅದರ ಮಟ್ಟು ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಶ್ ಟ್ಯೂನಿನದು. ಮ್ಯಾಲೋ ಕಾರ್ಕ್ ಕೌಂಟಿಯ ಒಂದು ಪಟ್ಟಣ. ‘ಪಾಹಿ ದುರ್ಗೇ’ಯ ಮೂಲ ಒಂದು ಸ್ಕಾಟಿಷ್ ರೀಲ್. ಮದ್ರಾಸಿನಲ್ಲಿ ಕಂಪನಿಯವರ ಬ್ಯಾಂಡ್ ನುಡಿಸುತ್ತಿದ್ದ ಇಂಥ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಕೂರಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು.

ಮುಂದಿನ ಸಲ ಡಬ್ಲಿನ್‌ನ ಸ್ಮಿತ್‌ಫೀಲ್ಡ್‌ನಲ್ಲಿರುವ ಕಾಬಲ್‌ಸ್ಟೋನ್ ಪಬ್ಬಿಗೆ ಹೋಗಿ ನೋಡಿ. ಹೀಗೆ ಸುತ್ತ ಕೂತು ನುಡಿಸುವ ಕೂಟಗಳಿಗೆ, ಅಂದರೆ ಸೆಷನ್‌ಗಳಿಗೆ, ಹೆಸರಾದ ಜಾಗ ಅದು. ಬಿಡುವು ಸಿಕ್ಕಾಗ ‘ರೇಕ್ಸ್ ಆಫ್ ಮ್ಯಾಲೋ ನುಡಿಸ್ತೀರಾ?’ ಅಂತ ಕೇಳಿ. ಮಕ್ಕಳಿಗೆ ಕಲಿಸುವ ಟ್ಯೂನ್ ಅಂತ ಯಾರಾದರೂ ನಕ್ಕರೂ ನಗಬಹುದು. ನಮ್ಮಲ್ಲೂ ಮಕ್ಕಳಿಗೇ ಕಲಿಸುತ್ತೇವೆ ಅಂತ ಹೇಳಿ.